ಫೆರ್ಮೀನನ ಪಾಲಿನ ಕುಂಬಳಕಾಯಿ

ಫ್ಲ್ಯಾಟ್ ಬುಷ್, ಆಕ್ಲೆಂಡ್
20 ಆಗಸ್ಟ್ 2006

ಪ್ರಿಯ ಚಿದಾನಂದ,

ನಾನು ಕ್ಷೇಮ ಎಂದು ಬರೆದರೆ ನೀನು ನಂಬುವವನಲ್ಲ. ಆದ್ದರಿಂದ ಇದ್ದದ್ದನ್ನೇ ಬರೆಯುತ್ತೇನೆ. ಕೈ ಕಟ್ಟಿಹಾಕಿದಂತಾಗಿದೆ. ಮದುವೆ ಮನೆಗಳಲ್ಲಿ ನಿನ್ನ ಜೊತೆ ನಿಂತು ಕೊಪ್ಪರಿಗೆಗಟ್ಟಲೆ ಹುಳಿ ಬೇಯಿಸಿದವನು ಇಲ್ಲಿ ಮೂರು ಜನಕ್ಕೆ ಸಾರು ಮಾಡುತ್ತಿದ್ದೇನೆ. ಮಗಳು ನಿಧಿ ಔಷಧಿ ಅಂಗಡಿಯ ಕೆಲಸಕ್ಕೆ, ಅಳಿಯ ವಿನಯ್ ಕಂಪ್ಯೂಟರ್ ಕೆಲಸಕ್ಕೆ ಕಾರು ಹತ್ತಿ ಹೋದರೆ ಮನೆಯಲ್ಲಿ ಉಳಿಯುವುದು ನಾನು ಮತ್ತು ಹೊಗೆಯ ಅಲಾರಂ. ಒಗ್ಗರಣೆ ಹಾಕಿದಾಗಲೆಲ್ಲ ಅದು ಬಾಯಿ ಬಡಿದುಕೊಳ್ಳುತ್ತದೆ. ಮೊದಲ ದಿನ ನಾನು ಹೆದರಿ ಬೀದಿಗೆ ಓಡಿದ್ದೆ. ಈಗ ಸೌಟು ಹಿಡಿದುಕೊಂಡೇ ಅದಕ್ಕೆ ಬೈಯುತ್ತೇನೆ.

ಮಾತಿಗೆ ಜನ ಇಲ್ಲ ಎಂದುಕೊಂಡಿರುವಾಗ ಮೊನ್ನೆ ಒಂದು ವಿಚಿತ್ರ ನಡೆಯಿತು. ನಿಧಿ ನನ್ನನ್ನು ಇಂಡಿಯನ್ ಅಂಗಡಿಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಬೆಲ್ಲದ ಅಚ್ಚುಗಳ ಮುಂದೆ ಒಬ್ಬ ಮುದುಕಿ ನಿಂತಿದ್ದಳು. ಎರಡು ಜಡೆ, ಹೆಗಲ ಮೇಲೆ ಕಪ್ಪು ಶಾಲು. ಮೈಬಣ್ಣ ನೋಡಿ ನಮ್ಮ ಕಡೆಯವಳೇ ಎಂದು "ಯಾವೂರಮ್ಮ?" ಅಂದುಬಿಟ್ಟೆ. ಅವಳು ಬೆಲ್ಲದ ಅಚ್ಚನ್ನು ಎದೆಗೆ ಒತ್ತಿಕೊಂಡು ಏನೋ ಹೇಳಿದಳು, ಒಂದು ಅಕ್ಷರವೂ ತಿಳಿಯಲಿಲ್ಲ. ಜೊತೆಯಲ್ಲಿದ್ದ ಮಗ ಇಂಗ್ಲಿಷಿನಲ್ಲಿ ವಿವರಿಸಿದ. ಅವರು ಮೆಕ್ಸಿಕೊ ದೇಶದವರಂತೆ. ಅವರ ಊರಲ್ಲೂ ಕಬ್ಬಿನ ಹಾಲು ಕಾಯಿಸಿ ಇಂಥದ್ದೇ ಅಚ್ಚು ಹೊಯ್ಯುತ್ತಾರಂತೆ. ಈ ದೇಶಕ್ಕೆ ಬಂದಮೇಲೆ ಅದು ಸಿಕ್ಕಿದ್ದು ಇವತ್ತೇ ಎಂದು ಅವಳ ಕಣ್ಣಲ್ಲಿ ನೀರು. ಕೇಳುತ್ತ ಹೋದರೆ ಅವರ ಮನೆ ನಮ್ಮ ಬೇಲಿಯ ಆಚೆಗೇ. ಎರಡು ತಿಂಗಳಿಂದ ಪಕ್ಕದಲ್ಲೇ ಇದ್ದು ಒಬ್ಬರನ್ನೊಬ್ಬರು ನೋಡಿರಲಿಲ್ಲ, ಈ ಊರು ಹಾಗಿದೆ.

ಒಂದು ಕೆಲಸ ನಿನ್ನಿಂದ ಆಗಬೇಕು. ಅಂಬುಜಾಳ ತಿಥಿ ಮಾರ್ಗಶಿರ ಬಹುಳ ಪಂಚಮಿ. ನೀನು ನಮ್ಮ ಪುರೋಹಿತ ನಟರಾಜನಿಗೆ ಹೇಳಿ ಮೈಸೂರಲ್ಲೇ ಮಾಡಿಸಿಬಿಡು. ಇಲ್ಲೂ ಮಂತ್ರ ಹೇಳುವವರು ಇದ್ದಾರೆ ಎಂದು ವಿನಯ್ ಹೇಳುತ್ತಾನೆ. ಮಂತ್ರದ ಮಾತಲ್ಲ. ಬದುಕಿದ್ದಾಗ ಮೈಸೂರಿಂದ ನಂಜನಗೂಡಿಗೆ ಒಬ್ಬಳೇ ಬಸ್ಸು ಹತ್ತಿದವಳಲ್ಲ ನನ್ನ ಹೆಂಡತಿ. ಇಷ್ಟು ಸಮುದ್ರ ದಾಟಿ ಈ ಮನೆ ಹುಡುಕಿಕೊಂಡು ಎಲ್ಲಿಂದ ಬಂದಾಳು? ಅವಳಿಗೆ ಗೊತ್ತಿರುವ ಬೀದಿಯಲ್ಲೇ ಎಲೆ ಹಾಕಲಿ. ನಾನು ಎದುರಿಗೆ ಇರುವುದಿಲ್ಲ, ಆದರೂ ಅದೇ ಸರಿ.

ನಿನ್ನ,
ಶ್ರೀಪಾದ


ಅಗ್ರಹಾರ, ಮೈಸೂರು
12 ಸೆಪ್ಟೆಂಬರ್ 2006

ಶ್ರೀಪಾದ,

ಕಾಗದ ಬಂತು. ಹೊಗೆಯ ಅಲಾರಂ ವಿಷಯ ಓದಿ ನನ್ನ ಹೆಂಡತಿ ರಮಾ ನಕ್ಕೂ ನಕ್ಕೂ ಕೆಮ್ಮು ಬರಿಸಿಕೊಂಡಳು. ಮದುವೆ ಮನೆಯಲ್ಲಿ ಎಲ್ಲರ ಮೇಲೆ ಕೂಗಾಡುತ್ತಿದ್ದವನಿಗೆ ದೇವರು ಸರಿಯಾದ ಜೋಡಿ ಕೊಟ್ಟಿದ್ದಾನೆ.

ಇಲ್ಲಿ ಪಕ್ಷಮಾಸ ಬಂತು, ಮನೆಮನೆಯಲ್ಲೂ ಶ್ರಾದ್ಧದ ಅಡುಗೆ. ನಿನ್ನ ಜಾಗಕ್ಕೆ ಬಂದವನು ಕೆಲಸ ಬಲ್ಲ, ಆದರೆ ಪಾಯಸ ಕುದಿಯುವಾಗ ಬೆರಳು ಅದ್ದಿ ನೆಕ್ಕಲು ಹೋಗುತ್ತಾನೆ. ಪಿತೃಗಳು ಉಣ್ಣುವ ಮೊದಲೇ ಇವನಿಗೆ ರುಚಿ ನೋಡಬೇಕಂತೆ. ಮೊನ್ನೆ ಸೌಟಿನಿಂದಲೇ ಒಂದು ಬಿಟ್ಟೆ. ನಾವಿಬ್ಬರೂ ಇಷ್ಟು ವರ್ಷ ಬರೀ ಕಣ್ಣಲ್ಲಿ, ಮೂಗಲ್ಲಿ ಉಪ್ಪು ಹುಳಿ ಅಳೆದವರು ಎಂದರೆ ಈಗಿನವರು ನಂಬುವುದಿಲ್ಲ.

ಅಂಬುಜಮ್ಮನ ತಿಥಿಯ ಯೋಚನೆ ನಿನಗೆ ಬೇಡ. ಅಡುಗೆ ನಾನೇ ಮಾಡುತ್ತೇನೆ. ಆ ಬೆಲ್ಲದ ಮುದುಕಿ ಅದರಲ್ಲಿ ಏನು ಮಾಡಿದಳು, ಅದನ್ನು ಬರೆಯದೆ ಬಿಟ್ಟಿದ್ದೀಯಲ್ಲ? ಮುಖ್ಯವಾದದ್ದನ್ನು ಮರೆಯುವ ಚಾಳಿ ನಿನಗೆ ಮೊದಲಿನಿಂದಲೂ ಇದೆ.

ಚಿದಾನಂದ


ಫ್ಲ್ಯಾಟ್ ಬುಷ್
8 ಅಕ್ಟೋಬರ್ 2006

ಪ್ರಿಯ ಚಿದಾನಂದ,

ಕೇಳಿದೆಯಲ್ಲ, ಈಗ ಸಾವಧಾನವಾಗಿ ಕೂತು ಓದು.

ಅವಳ ಹೆಸರು ಎಲೋಯಿಸಾ. ನನ್ನ ಬಾಯಲ್ಲಿ ಎಲೋಯಿಸಮ್ಮ ಆಗಿದ್ದಾಳೆ, ಅವಳಿಗೂ ಅದು ಒಗ್ಗಿದೆ. ಮಗ ರಮೀರೊ ಮನೆ ಕಟ್ಟುವ ಬಡಗಿ. ಭಾನುವಾರ ಅವನು ತಾಯಿಯ ಮಾತನ್ನು ಇಂಗ್ಲಿಷಿಗೆ ತರುತ್ತಾನೆ, ನಿಧಿ ಅದನ್ನು ಕನ್ನಡಕ್ಕೆ ತರುತ್ತಾಳೆ. ಉಳಿದ ದಿನ ನಾವು ಬೇಲಿಯ ಎರಡು ಕಡೆ ನಿಂತು ಕೈಸನ್ನೆಯಲ್ಲೇ ಅಡುಗೆ ಮಾತಾಡುತ್ತೇವೆ. ಅಡುಗೆಗೆ ಅಷ್ಟು ಸಾಕು.

ಅವಳ ಊರು ಸಾನ್ ಇಲಾರಿಯೊ. ಒಂದು ಕೆರೆಯ ದಂಡೆಯ ಪುಟ್ಟ ಊರಂತೆ. ಭಾನುವಾರ ಇಗರ್ಜಿಯ ಮುಂದಿನ ಚೌಕದಲ್ಲಿ ಹೆಂಗಸರು ಸಾಲಾಗಿ ಸಿಹಿ ಇಟ್ಟುಕೊಂಡು ಕೂರುತ್ತಾರೆ. ಮೇಕೆಯ ಹಾಲನ್ನು ತಾಮ್ರದ ಕೊಪ್ಪರಿಗೆಯಲ್ಲಿ ಹಗಲೆಲ್ಲ ತಿರುವಿ ಕಂದು ಬಣ್ಣಕ್ಕೆ ತಂದ ಪಾಕ. ಸೀಬೆಹಣ್ಣಿನ ಹಲ್ವ, ಇಟ್ಟಿಗೆಯಷ್ಟು ದಪ್ಪ, ದಾರದಲ್ಲಿ ಕತ್ತರಿಸಿ ಕೊಡುತ್ತಾರೆ. ಇನ್ನೊಂದು ಹೇಳುತ್ತೇನೆ, ನೀನು ಕೂತಲ್ಲಿಂದ ಏಳುತ್ತೀಯ. ನಾವು ಏಕಾದಶಿಗೆ ತಿನ್ನುವ ರಾಜಗಿರಿಯ ಅರಳು ಇದೆಯಲ್ಲ, ಅದನ್ನೇ ಬೆಲ್ಲದ ಪಾಕದಲ್ಲಿ ಉಂಡೆ ಕಟ್ಟುತ್ತಾರೆ! ಮುಸುಕಿನ ಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ, ಮೂರು ಕಾಲಿನ ಕಲ್ಲಿನ ಮೇಲೆ ಅರೆದು, ಜೋಳದ ಸಿಪ್ಪೆಯಲ್ಲೇ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ, ಥೇಟ್ ನಮ್ಮ ಕಡುಬು. ಭೂಮಿಯ ಆ ಬೆನ್ನಿನಲ್ಲಿ, ನಮ್ಮ ಹೆಸರೇ ಕೇಳದ ಜನ, ನಮ್ಮ ಅಜ್ಜಿಯ ಕೈಯಲ್ಲಿ ಕಲಿತವರ ಹಾಗೆ ಅಡುಗೆ ಮಾಡುತ್ತಿದ್ದಾರೆ. ಇದನ್ನು ಯಾರು ಯಾರಿಗೆ ಹೇಳಿಕೊಟ್ಟರು? ನಾನು ರಾತ್ರಿ ಹಾಸಿಗೆಯಲ್ಲಿ ಇದನ್ನೇ ಯೋಚಿಸುತ್ತೇನೆ, ಮೈ ಜುಮ್ಮೆನ್ನುತ್ತದೆ.

ಅವಳ ಗಂಡ ಫೆರ್ಮೀನ್ ಆ ಊರಿನ ಮಿಠಾಯಿಗಾರ. ಬೆಲ್ಲದಲ್ಲಿ ಕುಂಬಳಕಾಯಿ ಬೇಯಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲವಂತೆ. ನವೆಂಬರ್ ಮೊದಲ ಎರಡು ದಿನ ಅವರಲ್ಲಿ ಸತ್ತವರು ಮನೆಗೆ ಬರುತ್ತಾರೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಡಬೇಕು. ಊರಿನ ಅಷ್ಟೂ ಸತ್ತವರಿಗೆ ಫೆರ್ಮೀನನೇ ಕುಂಬಳಕಾಯಿ ಬೇಯಿಸುತ್ತಿದ್ದ. ಈ ಫೆಬ್ರವರಿಯಲ್ಲಿ ಅವನೇ ಹೋಗಿಬಿಟ್ಟ. ರಮೀರೊ ತಾಯಿಯನ್ನು ಒಬ್ಬಳೇ ಬಿಡಲಾರದೆ ಕರೆದುಕೊಂಡು ಬಂದ.

ಈಗ ಎಲೋಯಿಸಮ್ಮನಿಗೆ ಇರುವುದು ಒಂದೇ ಚಿಂತೆ. ಮೊದಲ ವರ್ಷ. ಅವನು ಸಾನ್ ಇಲಾರಿಯೊಗೆ ಹೋಗಿ ಬೀಗ ಹಾಕಿದ ಬಾಗಿಲು ನೋಡಿ ಹಿಂತಿರುಗಿಬಿಟ್ಟರೆ? ಕುಂಬಳಕಾಯಿಯನ್ನು ಅವನು ಮಾಡುತ್ತಿದ್ದ ಹಾಗೇ ಮಾಡಿಟ್ಟರೆ ಆ ಪರಿಮಳ ಹಿಡಿದು ಇಲ್ಲಿಗೆ ಬರುತ್ತಾನೆ ಎಂದು ಅವಳ ನಂಬಿಕೆ. ಆದರೆ ಅವನು ಹೋದಮೇಲೆ ಬಂದ ಜ್ವರದಲ್ಲಿ ಅವಳ ನಾಲಿಗೆಯ ರುಚಿ, ಮೂಗಿನ ವಾಸನೆ ಎರಡೂ ಹೋಗಿವೆ. ಮೆಣಸಿನಕಾಯಿ ಕಚ್ಚಿದರೂ ಗೊತ್ತಾಗುವುದಿಲ್ಲ. ಬೇಲಿಯ ಮೇಲಿಂದ ನನ್ನ ಎರಡೂ ಕೈ ಹಿಡಿದುಕೊಂಡಳು. ರಮೀರೊ ಹೇಳಿದ, "ಅಂಕಲ್, ನೀವು ಜೊತೆಯಲ್ಲಿ ನಿಲ್ಲಬೇಕಂತೆ. ಅಡುಗೆ ಮಾಡೋರ ನಾಲಿಗೆ ಮಾತ್ರ ನಂಬ್ತಾಳಂತೆ." ನಿಧಿ ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದಳು.

ಒಪ್ಪಿಕೊಂಡೆ. ಆದರೂ ನಿನಗೆ ಮಾತ್ರ ಹೇಳುತ್ತೇನೆ, ಅವನು ಬರುತ್ತಾನೆ ಎಂದು ನನಗೆ ನಂಬಿಕೆಯಿಲ್ಲ. ಬರುವುದಾಗಿದ್ದರೆ ಅಂಬುಜಾಳೂ ಬರಬಹುದಿತ್ತಲ್ಲ.

ನಿನ್ನ,
ಶ್ರೀಪಾದ


ಫ್ಲ್ಯಾಟ್ ಬುಷ್
8 ನವೆಂಬರ್ 2006

ಪ್ರಿಯ ಚಿದಾನಂದ,

ಒಂದು ಅನಾಹುತ ಮಾಡಿಕೊಂಡು ಕೂತಿದ್ದೇನೆ. ಮೊದಲಿನಿಂದ ಹೇಳುತ್ತೇನೆ.

ಇಲ್ಲಿಯ ಕುಂಬಳಕಾಯಿಯ ಸಿಪ್ಪೆ ಬೂದು ಬಣ್ಣದ ಕಲ್ಲು. ಚಾಕು ಹೋಗಲಿಲ್ಲ, ಕೊನೆಗೆ ರಮೀರೊ ತನ್ನ ಕೆಲಸದ ಗಾಡಿಯಿಂದ ಗರಗಸ ತಂದ. ಹೋಳುಗಳನ್ನು ಎಲೋಯಿಸಮ್ಮ ಹಿಂದಿನ ದಿನವೇ ಸುಣ್ಣದ ತಿಳಿನೀರಲ್ಲಿ ನೆನೆಹಾಕಿದಳು. ಸುಣ್ಣ ಸಿಕ್ಕಿದ್ದು ಇಂಡಿಯನ್ ಅಂಗಡಿಯಲ್ಲಿ, ಎಲೆಅಡಿಕೆಯ ಪಕ್ಕ. ಹೀಗೆ ನೆನೆದರೆ ಎಷ್ಟು ಬೆಂದರೂ ಹೋಳು ಕರಗುವುದಿಲ್ಲ, ಮೇಲೆ ಗಟ್ಟಿ, ಒಳಗೆ ಬೆಣ್ಣೆ. ಆಗ್ರಾದ ಪೇಠಕ್ಕೆ ಹೀಗೆ ಮಾಡುತ್ತಾರೆ ಎಂದು ನಾವು ಕೇಳಿದ್ದೆವು, ನೆನಪಿದೆಯಾ?

ಬೆಲ್ಲ ನಾನು ಕರಗಿಸಿದೆ. ದಾಲ್ಚಿನ್ನಿ, ಕಿತ್ತಳೆ ಸಿಪ್ಪೆ ಅವಳು ಹಾಕಿದಳು. ಪಾಕ ಏಳುವಾಗ ಅವಳು ಚಮಚ ನನ್ನ ಮುಂದೆ ಹಿಡಿದಳು, ರುಚಿ ನೋಡು ಎಂದು. ನಾನು ಕೈ ಮುಗಿದೆ. ಹಿರಿಯರಿಗೆ ಇಡುವುದಕ್ಕೆ ಮೊದಲು ನಾನು ಬಾಯಿ ಹಾಕುವವನಲ್ಲ. ಅವಳಿಗೆ ಅರ್ಥವಾಯಿತು, ಚಮಚ ಕೆಳಗಿಟ್ಟು ನನ್ನ ಹಣೆ ಮುಟ್ಟಿದಳು. ಅಂತೂ ಒಬ್ಬಳಿಗೆ ರುಚಿ ತಿಳಿಯದು, ಒಬ್ಬ ರುಚಿ ನೋಡುವವನಲ್ಲ. ಇಬ್ಬರೂ ಪಾಕದ ಗುಳ್ಳೆಯನ್ನೇ ನೋಡುತ್ತ ಕೂತೆವು. ನೂಲು ಪಾಕ ಬಂದಾಗ ನಾನು ಕೈ ಎತ್ತಿದೆ, ಅದೇ ಗಳಿಗೆಗೆ ಅವಳೂ ಎತ್ತಿದಳು. ಇಂಥ ಜೊತೆಗಾರಿಕೆ ನಿನ್ನ ಬಿಟ್ಟರೆ ಬೇರೆ ಯಾರ ಹತ್ತಿರವೂ ನನಗೆ ಸಿಕ್ಕಿರಲಿಲ್ಲ.

ಸಂಜೆ ಅವರ ಮನೆಗೆ ಹೋದೆ. ಮೂರು ಮೆಟ್ಟಿಲಿನ ಪೀಠ, ನಮ್ಮ ಗೊಂಬೆ ಕೂರಿಸಿದ ಹಾಗೆ. ಮೇಲೆ ಟೋಪಿ ಹಾಕಿದ ಫೆರ್ಮೀನನ ಫೋಟೊ. ದಾರಿ ನಡೆದು ಬಂದವನಿಗೆ ಒಂದು ಲೋಟ ನೀರು. ಉಪ್ಪು, ರೊಟ್ಟಿ, ಮೇಣದ ಬತ್ತಿಗಳು. ಚೆಂಡುಹೂವೇ ಬೇಕು, ಈ ಕಾಲದಲ್ಲಿ ಇಲ್ಲಿ ಸಿಗದು. ನಿಧಿ ದೀಪಾವಳಿಗೆ ಕಟ್ಟಿದ್ದ ಪ್ಲಾಸ್ಟಿಕ್ ಚೆಂಡುಹೂವಿನ ತೋರಣ ಕೊಟ್ಟಳು. ಬೀದಿಯ ಅಂಚೆಪೆಟ್ಟಿಗೆಯಿಂದ ಪೀಠದವರೆಗೂ ಕೇಸರಿ ಕಾಗದದ ಎಸಳುಗಳ ದಾರಿ. ಬಾಗಿಲು ಹಾರುಹೊಡೆದಿತ್ತು. ಬಸ್ಸಿಳಿದು ಬರುವ ನೆಂಟನಿಗೆ ಕಾಯುವಂತೆ ಅವಳು ಓರಣವಾಗಿ ಬಾಚಿಕೊಂಡು, ಒಳ್ಳೆಯ ಬಟ್ಟೆ ಉಟ್ಟು ಕುರ್ಚಿಯಲ್ಲಿ ಕೂತಿದ್ದಳು. ನಾವೂ ಎಲೆ ಹಾಕುತ್ತೇವೆ, ಕಾಗೆಗೆ ಇಡುತ್ತೇವೆ. ಆದರೆ ಹೀಗೆ ಬಾಗಿಲು ನೋಡುತ್ತ ಕೂತಿದ್ದೇವೆಯೇ?

ಎರಡು ದಿನ ಕಳೆದ ಬೆಳಿಗ್ಗೆ, ನಿಧಿ ಕೆಲಸಕ್ಕೆ ಹೊರಡುವ ಮೊದಲು, ಅವಳು ನಮ್ಮಿಬ್ಬರನ್ನೂ ಕರೆದಳು. ಎಡೆಯ ಕುಂಬಳಕಾಯಿಯ ಒಂದು ಹೋಳು ತಟ್ಟೆಯಲ್ಲಿಟ್ಟು ಕೊಟ್ಟಳು. ಮಗ ಆಗಲೇ ತಿಂದಿದ್ದನಂತೆ, ಅವನು ಹೇಳಿದ್ದನ್ನು ಅವಳು ನಂಬಲಿಲ್ಲ, ತಾಯಿಯ ಸಮಾಧಾನಕ್ಕೆ ಹೇಳುತ್ತಾನೆ ಎಂದು. ನಾನು ಹೇಳಬೇಕು.

ಬೇರೆ ಮನೆಯ ಪಿತೃಶೇಷ ನಾನು ತಿನ್ನುವುದಿಲ್ಲ, ನಿನಗೆ ಗೊತ್ತು. ಹೇಗೆ ಹೇಳಲಿ ಅವಳಿಗೆ? ಹೋಳನ್ನು ತುಟಿಗೆ ತಾಗಿಸಿದಂತೆ ಮಾಡಿ ಟವೆಲಿನಲ್ಲಿ ಸುತ್ತಿಕೊಂಡೆ. ಆಮೇಲೆ ಮುಖ ಅರಳಿಸಿ, ಬಲು ಚೆನ್ನಾಗಿದೆ, ಇಷ್ಟು ಸಿಹಿಯಾದದ್ದು ಜನ್ಮದಲ್ಲಿ ತಿಂದಿಲ್ಲ ಎಂದು ಹೇಳಿಸಿದೆ. ನಿಧಿ ಇಂಗ್ಲಿಷಿನಲ್ಲಿ ಹೇಳಿದಳು. ರಮೀರೊ ನನ್ನ ಮುಖವನ್ನೇ ನೋಡಿದ, ತಾಯಿಗೆ ಹೇಳಲಿಲ್ಲ. ಅವಳು ಗದರಿದಮೇಲೆ ಹೇಳಿದ.

ಎಲೋಯಿಸಮ್ಮ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡಳು. ಉರಿಯುತ್ತಿದ್ದ ಬತ್ತಿಗಳನ್ನು ಒಂದೊಂದಾಗಿ ಆರಿಸಿದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳುವ ಸದ್ದು ಹೊರಗೂ ಕೇಳಿಸಿತು.

ಅದೇ ಮಧ್ಯಾಹ್ನ ರಮೀರೊ ಕೆಲಸದ ಮೇಲೆ ಕ್ರೈಸ್ಟ್‌ಚರ್ಚ್‌ಗೆ ಹೋದ, ಬರುವುದು ತಿಂಗಳ ಕೊನೆಗೆ. ಅವಳು ಬೇಲಿಯ ಹತ್ತಿರ ಸುಳಿಯುವುದಿಲ್ಲ. ಹೊಗಳಿದ್ದಕ್ಕೆ ಯಾರಾದರೂ ಅಳುತ್ತಾರೆಯೇ? ನಾನು ಏನು ತಪ್ಪು ಮಾಡಿದೆ ಹೇಳು.

ಶ್ರೀಪಾದ


ಮೈಸೂರು
17 ನವೆಂಬರ್ 2006

ಶ್ರೀಪಾದ,

ಏನು ತಪ್ಪು ಮಾಡಿದೆ ಎಂದು ಕೇಳುತ್ತೀಯಾ? ಶ್ರಾದ್ಧದ ಎಲೆಯ ಮುಂದೆ ಕೂತವರು ಅಡುಗೆ ಹೇಗಿದೆ ಎಂದು ಬಾಯಿ ಬಿಡುವುದುಂಟೇ? ರುಚಿಯ ಮಾತು ಎತ್ತಿದರೆ ಪಿತೃಗಳು ಎದ್ದು ಹೋಗುತ್ತಾರೆ ಎಂದು ಬಡಿಸುವ ಹುಡುಗರಿಗೆಲ್ಲ ಹೇಳಿಕೊಟ್ಟವನು ನೀನೇ. ಅವರ ಊರಲ್ಲಿ ಏನು ಶಾಸ್ತ್ರವೋ ನನಗೆ ತಿಳಿಯದು. ನಿನ್ನ ಶಾಸ್ತ್ರವನ್ನು ನೀನು ಮುರಿದೆ, ಅದೂ ಒಂದು ಸುಳ್ಳಿಗಾಗಿ.

ನನಗೆ ಸಿಟ್ಟು ಬಂದಿರುವುದು ಇನ್ನೊಂದಕ್ಕೆ. ಪಾಕ ಒಂದು ಎಳೆ ಹೆಚ್ಚಾಯಿತೆಂದು ಮದುಮಗಳ ಅಪ್ಪನ ಮುಂದೆಯೇ ಲಾಡುವಿನ ಕಾಳು ಚೆಲ್ಲಿಸಿದ ಮನುಷ್ಯ ನೀನು. ತಿನ್ನದೆ ಚೆನ್ನಾಗಿದೆ ಎಂದೆಯಲ್ಲ. ಆ ಹೆಂಗಸು ನಾಲಿಗೆ ಕಳೆದುಕೊಂಡು ನಿನ್ನ ನಾಲಿಗೆಯನ್ನು ಎರವಲು ಕೇಳಿದಳು. ನೀನು ಅದನ್ನೂ ಕೊಡಲಿಲ್ಲ.

ಹೋಗಿ ನಿಜ ಹೇಳು. ಒಂದು ಹೋಳು ಉಳಿದಿದ್ದರೆ ಅವಳ ಎದುರಿಗೇ ತಿನ್ನು. ಕೆಟ್ಟಿದ್ದರೆ ಕೆಟ್ಟಿದೆ ಅನ್ನು. ಪಿತೃಶೇಷ ತಿಂದ ದೋಷಕ್ಕೆ ಪ್ರಾಯಶ್ಚಿತ್ತ ಬೇಕಾದರೆ ನಿನ್ನ ಹೆಸರಿನಲ್ಲಿ ನಾನು ಒಂದು ದಿನ ಉಪವಾಸ ಇರುತ್ತೇನೆ. ರಮಾ ನಗುತ್ತಿದ್ದಾಳೆ, ಇದ್ದು ತೋರಿಸುತ್ತೇನೆ.

ತಿಥಿಗೆ ನಟರಾಜ ಒಪ್ಪಿದ್ದಾನೆ.

ಚಿದಾನಂದ


ಫ್ಲ್ಯಾಟ್ ಬುಷ್
27 ನವೆಂಬರ್ 2006

ಪ್ರಿಯ ಚಿದಾನಂದ,

ನಿನ್ನ ಕಾಗದ ಬಂದ ದಿನ ನನಗೆ ಊಟ ಸೇರಲಿಲ್ಲ. ನೀನು ಬರೆದ ಒಂದೊಂದು ಮಾತೂ ನಿಜ. ರಮೀರೊ ಬರುವುದನ್ನೇ ಕಾದೆ. ನಿನ್ನೆ ಭಾನುವಾರ ನಿಧಿಯನ್ನು ಕರೆದುಕೊಂಡು ಅವರ ಮನೆಗೆ ಹೋದೆ.

ಎಲೋಯಿಸಮ್ಮ ಅರ್ಧಕ್ಕರ್ಧ ಇಳಿದು ಹೋಗಿದ್ದಳು. ಪೀಠ ಬಿಚ್ಚಿದ್ದರು, ಫೋಟೊ ಮಾತ್ರ ಕಪಾಟಿನ ಮೇಲಿತ್ತು. ನಾನು ಕುಂಬಳಕಾಯಿ ತಿಂದಿರಲಿಲ್ಲ, ನಮ್ಮಲ್ಲಿ ತಿನ್ನುವ ಹಾಗಿಲ್ಲ, ನಿಮ್ಮ ಮನಸ್ಸಿಗೆ ಸಂತೋಷವಾಗಲಿ ಎಂದು ಸುಳ್ಳು ಹೇಳಿದೆ ಎಂದು ಹೇಳಿದೆ. ರಮೀರೊ ಹೇಳುತ್ತ ಹೋದಂತೆ ಅವಳು ತಲೆ ಎತ್ತಿದಳು. ಒಳಗೆ ಹೋಗಿ ಫ್ರೀಜರಿನಿಂದ ಒಂದು ಡಬ್ಬಿ ತಂದಳು. ಎಸೆಯಲು ಮನಸ್ಸು ಬರದೆ ಎಡೆಯ ಹೋಳುಗಳನ್ನು ಅದರಲ್ಲಿಟ್ಟಿದ್ದಳು. ಬಿಸಿ ಮಾಡಿದಳು. ತಾಮ್ರದ ಬಣ್ಣ, ಸುತ್ತ ಗಟ್ಟಿ ಪಾಕ, ನೋಡಿದರೆ ಬಾಯಲ್ಲಿ ನೀರೂರಬೇಕು.

ದೇವರನ್ನು ನೆನೆದು ಬಾಯಿಗಿಟ್ಟೆ.

ಚಿದಾನಂದ, ಏನೂ ಇರಲಿಲ್ಲ. ಆ ಬೆಲ್ಲ ಕರಗಿಸಿದವನು ನಾನು, ಆ ಪಾಕ ಹಿಡಿದವನು ನಾನು. ಸಿಹಿ ಇಲ್ಲ, ದಾಲ್ಚಿನ್ನಿ ಇಲ್ಲ, ಕಿತ್ತಳೆಯ ಕಹಿಯೂ ಇಲ್ಲ. ಜಗಿದೆ, ಪಾಕವನ್ನು ಬೆರಳಲ್ಲಿ ಬಳಿದು ನೆಕ್ಕಿದೆ. ಬೆರಳು ಅಂಟುತ್ತದೆ, ನಾಲಿಗೆಗೆ ಏನೂ ಸಿಗುವುದಿಲ್ಲ. ಎರಡನೇ ಹೋಳು ತಿಂದೆ. ಅದೂ ಹಾಗೇ.

ಏನೆಂದು ಹೇಳಲಿ ಈ ಹೆಂಗಸಿಗೆ? ಗಂಡ ಬರಲೆಂದು ಮಾಡಿದ ಅಡುಗೆ ಇದು. ಸುಳ್ಳು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನಿನ್ನ ಕಾಗದ ಜೇಬಿನಲ್ಲಿತ್ತು. ಅವಳ ಮುಖ ನೋಡಲಾರದೆ ನೆಲ ನೋಡುತ್ತ ಹೇಳಿದೆ, "ಅಮ್ಮ, ಕ್ಷಮಿಸಬೇಕು. ಇದರಲ್ಲಿ ರುಚೀನೇ ಇಲ್ಲ. ಪೂರಾ ಸಪ್ಪೆ."

ನಿಧಿ "ಅಪ್ಪಾ" ಎಂದು ಮೊಣಕೈ ತಿವಿದಳು. ನಾನು ಹೇಳಮ್ಮ ಎಂದೆ. ಅವಳು ಹೇಳಿದಳು, ರಮೀರೊ ತಾಯಿಗೆ ಹೇಳಿದ.

ಎಲೋಯಿಸಮ್ಮ ಆ ಮಾತನ್ನು ಮಗನಿಂದ ಇನ್ನೊಮ್ಮೆ ಹೇಳಿಸಿಕೊಂಡಳು. ಆಮೇಲೆ ಎದ್ದು ಕಪಾಟಿನ ಮೇಲಿದ್ದ ಫೋಟೊ ಕೆಳಗಿಳಿಸಿ ಎದುರಿಗಿಟ್ಟುಕೊಂಡು ಗಂಡನನ್ನು ಬೈಯತೊಡಗಿದಳು. ಏನು ಬೈಗುಳ ಅಂತೀಯ! ಕೈ ಆಡಿಸುತ್ತ, ಮೇಜು ಕುಟ್ಟುತ್ತ, ಕಣ್ಣಿಂದ ಧಾರಾಕಾರ ನೀರು ಸುರಿಸುತ್ತ, ನಡುನಡುವೆ ನಗುತ್ತ. ನಾನು ಗಾಬರಿಯಾಗಿ ಎದ್ದು ನಿಂತೆ. ರಮೀರೊ ಗೋಡೆಗೆ ಒರಗಿ ಮುಖ ಮುಚ್ಚಿಕೊಂಡಿದ್ದ. ಅವನಿಂದ ನಿಧಿಗೆ, ನಿಧಿಯಿಂದ ನನಗೆ ಮಾತು ಬರುವುದಕ್ಕೆ ಎಷ್ಟು ಹೊತ್ತಾಯಿತೋ.

ಅವರ ಊರಿನ ಮಾತು ಇದು. ಸತ್ತವರು ಕೈಯಿಂದ ತಿನ್ನುವುದಿಲ್ಲ. ಎಡೆಯ ಪರಿಮಳ, ರುಚಿಯನ್ನಷ್ಟೇ ಉಂಡು ಹೋಗುತ್ತಾರೆ. ಬಂದು ಉಂಡಿದ್ದರೆ ಉಳಿದದ್ದು ಸಪ್ಪೆ. ಸಿಹಿ ಹಾಗೇ ಉಳಿದಿದ್ದರೆ, ಯಾರೂ ಬರಲಿಲ್ಲ. ಮಗ ಅವತ್ತೇ ಸಪ್ಪೆ ಎಂದಿದ್ದ. ತನ್ನ ಸಮಾಧಾನಕ್ಕೆ ಹೇಳುತ್ತಾನೆ ಎಂದು ಅವಳು ಏನೂ ಗೊತ್ತಿಲ್ಲದ ನನ್ನನ್ನು ಕರೆಸಿದ್ದಳು. ನಾನು ಹೋಗಿ ಬಲು ಸಿಹಿ ಎಂದುಬಿಟ್ಟೆ.

ಅವಳು ಗಂಡನನ್ನು ಬೈದದ್ದು ಏನೆಂದು ಕೇಳಿದೆ. ರಮೀರೊ ನಗುತ್ತ ಹೇಳಿದ. "ಅಷ್ಟು ದೂರದಿಂದ ಬಂದು, ಪೂರ್ತಿ ಖಾಲಿ ಮಾಡಿ, ನನ್ನ ಎಬ್ಬಿಸದೇನೆ ಹೋದ್ಯಾ? ಬದುಕಿದ್ದಾಗಲೂ ಇದೇ ಬುದ್ಧಿ ನಿಂದು" ಎಂದಳಂತೆ.

ಮನೆಗೆ ಬಂದವನೇ ಸಕ್ಕರೆ ಡಬ್ಬಿ ತೆಗೆದು ಬಾಯಿಗೆ ಹಾಕಿಕೊಂಡೆ. ಸಿಹಿ. ಉಪ್ಪು ಹಾಕಿಕೊಂಡೆ, ಉಪ್ಪು. ನಿಂಬೆಹಣ್ಣು ಹಿಂಡಿಕೊಂಡೆ. ನನ್ನ ನಾಲಿಗೆ ಸರಿಯಾಗಿಯೇ ಇದೆ. ವಿನಯ್ ಎಲ್ಲ ಕೇಳಿ, "ಮಾವ, ಫ್ರೀಜರಲ್ಲಿಟ್ರೆ ಟೇಸ್ಟ್ ಸ್ವಲ್ಪ ಹೋಗತ್ತೆ" ಎಂದ. ಇರಬಹುದಪ್ಪ ಎಂದೆ. ಫ್ರೀಜರು ತಣ್ಣಗೆ ಮಾಡೀತು, ಸೇರುಗಟ್ಟಲೆ ಬೆಲ್ಲವನ್ನು ಎಲ್ಲಿ ಬಚ್ಚಿಟ್ಟೀತು? ಮಗ ಅದನ್ನು ತಿಂದಾಗ ಅದಿನ್ನೂ ಫ್ರೀಜರಿಗೆ ಹೋಗಿರಲೇ ಇಲ್ಲ. ನನಗೆ ವಾದ ಮಾಡುವ ಮನಸ್ಸಿಲ್ಲ. ಆ ಸಪ್ಪೆ ನನ್ನ ಬಾಯಲ್ಲಿ ಇನ್ನೂ ಇದೆ. ಎಷ್ಟು ವರ್ಷ ಎಷ್ಟು ಮನೆಗಳಲ್ಲಿ ಪಿತೃಗಳಿಗೆ ಬೇಯಿಸಿದೆ, ಅವರು ಉಣ್ಣುತ್ತಾರೆ ಎಂದು ನನಗೆ ಗೊತ್ತಾದದ್ದು ನಿನ್ನೆ.

ಫೆರ್ಮೀನ್ ಹುಟ್ಟಿದ ಊರು ಬಿಟ್ಟು ಎಲ್ಲೂ ಹೋದವನಲ್ಲವಂತೆ, ಸಮುದ್ರವನ್ನೇ ನೋಡಿರಲಿಲ್ಲವಂತೆ.

ಆದ್ದರಿಂದ ಈ ಕಾಗದ ಕೈ ಸೇರಿದ ಕೂಡಲೇ ನಟರಾಜನಿಗೆ ಹೇಳಿಬಿಡು, ಅಂಬುಜಾಳ ತಿಥಿ ಅಲ್ಲಿ ಬೇಡ. ಇಲ್ಲೇ ಮಾಡುತ್ತೇನೆ. ವಿನಯ್ ಮಂತ್ರ ಹೇಳುವವರಿಗೆ ಫೋನು ಮಾಡಿದ್ದಾನೆ. ಅಡುಗೆ ನನ್ನದೇ. ಅವಳಿಗೆ ಇಷ್ಟವಾದ ಹೆಸರುಬೇಳೆ ಪಾಯಸಕ್ಕೆ ಏಲಕ್ಕಿ, ಬೆಲ್ಲ ಧಾರಾಳವಾಗಿ ಹಾಕುತ್ತೇನೆ. ಯಾರೂ ಚೆನ್ನಾಗಿದೆ ಎನ್ನಕೂಡದು ಎಂದು ಮೊದಲೇ ಹೇಳಿದ್ದೇನೆ. ಎಲ್ಲ ಮುಗಿದಮೇಲೆ ನಾನೊಬ್ಬನೇ ಒಂದು ಚಮಚ ತಿಂದು ನೋಡುತ್ತೇನೆ.

ಹುಟ್ಟಿದಾರಭ್ಯ ಇದೇ ಮೊದಲ ಸಲ, ನನ್ನ ಅಡುಗೆ ಸಪ್ಪೆಯಾಗಲಿ ಎಂದು ದೇವರಲ್ಲಿ ಬೇಡುತ್ತಿದ್ದೇನೆ. ನೀನೂ ಬೇಡಿಕೋ.

ನಿನ್ನ,
ಶ್ರೀಪಾದ